ನೆರಳು, ನೆತ್ತರು, ನಿರ್ಣಯ: ಬೆನ್ನೆಲುಬಿನ ಕ್ಷಯವನ್ನು ಗುರುತಿಸುವ ಬಗೆ



ಸಾಹಿತ್ಯ, ಸಂಗೀತ, ದರ್ಶನಗಳಂಥ ವಿಷಯಗಳೇ ಶೋಭಿಸುವ ಇಂಥ ವೇದಿಕೆಯ ಮೇಲೆ ಎಲುಬಿಗೆ ತಗಲುವ ಒಂದು ರೋಗದ ವಿಚಾರವನ್ನೆತ್ತಿಕೊಂಡು ನಿಂತಿರುವ ನನ್ನ ಸಾಹಸವನ್ನು ತಾವು ಮನ್ನಿಸಬೇಕು. ಜನಕ್ಕೆ ಉಪಯೋಗವಾಗುವ ಶಾಸ್ತ್ರವಿಷಯವೊಂದನ್ನು ಕನ್ನಡದಲ್ಲಿಯೇ ಹೇಳಬೇಕೆಂಬುದು ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದವರ ಆಶಯವಾಗಿದ್ದುದರಿಂದಲೂ, ವೈದ್ಯನು ಅರಿತಿದ್ದರೆ ಸಾಲದು, ರೋಗಿಯೂ ಅವನ ಮನೆಯವರೂ ಒಂದಿಷ್ಟು ಅರಿತಿರಲೇಬೇಕಾದ ರೋಗವಿದಾಗಿರುವುದರಿಂದಲೂ, ಬೆನ್ನೆಲುಬಿನ ಕ್ಷಯವನ್ನು ಚಿತ್ರಗಳಿಂದಲೂ ರಕ್ತಪರೀಕ್ಷೆಗಳಿಂದಲೂ ಹೇಗೆ ಗುರುತಿಸುತ್ತಾರೆ, ಆ ಗುರುತಿಸುವಿಕೆಯನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡೆನು.

ಕ್ಷಯವೆಂದೊಡನೆ ನಮ್ಮ ಮನಸ್ಸು ಕೆಮ್ಮಿನ ಕಡೆಗೂ ಕಫದ ಕಡೆಗೂ ಹರಿಯುತ್ತದೆ. ಲೋಕದ ಕ್ಷಯರೋಗಿಗಳಲ್ಲಿ ನಾಲ್ಕರಲ್ಲೊಂದು ಪಾಲು ನಮ್ಮ ದೇಶದಲ್ಲಿಯೇ ಇರುವಾಗ, ಅವರಲ್ಲಿ ಬಹುಮಂದಿಗೆ ರೋಗವು ಶ್ವಾಸಕೋಶದಲ್ಲಿಯೇ ನೆಲೆಸಿರುವಾಗ, ಹಾಗೆ ಹರಿಯುವುದು ಸಹಜವೇ ಸರಿ. ಎಲುಬು-ಕೀಲುಗಳಿಗೆ ರೋಗ ತಗಲುವವರು ನೂರಕ್ಕೆ ಒಬ್ಬರಿಂದ ಮೂವರೆಂದು ಲೆಕ್ಕ. ಅವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ತಗಲುವುದು ಬೆನ್ನೆಲುಬಿಗೆ. ಸಂಖ್ಯೆ ಅಲ್ಪವೆಂದು ತೋರಬಹುದಾದರೂ, ವರ್ಷಕ್ಕೆ ಲಕ್ಷಗಟ್ಟಲೆ ಜನರಿಗೆ ಕ್ಷಯ ತಗಲುವ ನಾಡಿನಲ್ಲಿ ನೂರಕ್ಕೆ ಒಂದೆಂಬುದೂ ದೊಡ್ಡ ಸಂಖ್ಯೆಯೇ. ಮೇಲಾಗಿ ಈ ರೋಗವು ಸಕಾಲದಲ್ಲಿ ಸಿಕ್ಕಿಬೀಳದಿದ್ದರೆ ಆಯುಷ್ಯವನ್ನು ಉಳಿಸಿಯೂ ಕಾಲುಗಳ ಸ್ವಾಧೀನವನ್ನು ಕಸಿದುಕೊಳ್ಳಬಲ್ಲದು.

ರೋಗವು ಹೊಸದಲ್ಲ. ಈಜಿಪ್ಟಿನ ಇಪ್ಪತ್ತೊಂದನೆಯ ರಾಜವಂಶದ ಕಾಲಕ್ಕೆ, ಎಂದರೆ ಇಂದಿಗೆ ಸುಮಾರು ಮೂರು ಸಾವಿರ ವರ್ಷಗಳ ಹಿಂದಿನದಕ್ಕೆ, ಸೇರಿದ ನೆಸ್ಪೆರೆಹಾನ್ ಎಂಬ ಅಮ್ಮನ್ ದೇವರ ಅರ್ಚಕನ ಶವವನ್ನು 1910ರಲ್ಲಿ ಎಲಿಯಟ್ ಸ್ಮಿತ್ ಮತ್ತು ರಫರ್ ಎಂಬ ಪಂಡಿತರು ಪರೀಕ್ಷಿಸಿ ವರ್ಣಿಸಿದಾಗ, ಮುರಿದು ಬಾಗಿದ ಬೆನ್ನುಮಣಿಗಳೂ, ಅಲ್ಲಿಂದ ಸೊಂಟದ ಸ್ನಾಯುವಿನೊಳಗೆ ಇಳಿದು ತುಂಬಿದ ಕೀವಿನ ಚೀಲವೂ ಅವರಿಗೆ ಕಾಣಿಸಿದವು. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್, 1779ರಲ್ಲಿ, ಬೆನ್ನು ಗೂನಾಗುವುದಕ್ಕೂ ಕಾಲುಗಳು ಸೋಲುವುದಕ್ಕೂ ಇರುವ ಸಂಬಂಧವನ್ನು ವಿಶದವಾಗಿ ಬರೆದದ್ದರಿಂದ ಈ ರೋಗಕ್ಕೆ ಇಂದಿಗೂ ಅವನ ಹೆಸರು ಅಂಟಿಕೊಂಡಿದೆ. ಕ್ಷಯದ ಕ್ರಿಮಿಯನ್ನು ರಾಬರ್ಟ್ ಕಾಖ್ ಲೋಕಕ್ಕೆ ತೋರಿಸಿದ್ದು 1882ರ ಮಾರ್ಚ್ 24ರಂದು. ರಂಟ್‌ಗೆನ್ ಕ್ಷ-ಕಿರಣವನ್ನು ಕಂಡದ್ದು 1895ರಲ್ಲಿ. ಎಂದಮೇಲೆ ಪಾಟ್ ಮಹಾಶಯನ ಕೈಯಲ್ಲಿ ಇದ್ದುದು ರೋಗಿಯ ಬೆನ್ನನ್ನು ತಡವುವ ಬೆರಳುಗಳೂ, ನಡಗೆಯನ್ನು ಗಮನಿಸುವ ಕಣ್ಣುಗಳೂ ಮಾತ್ರ. ಅಷ್ಟರಿಂದಲೇ ಅವನು ಕಂಡದ್ದು ಬಹಳ. ಇಂದು ನಮ್ಮ ಕೈಯಲ್ಲಿ ಸಾಧನಗಳ ರಾಶಿಯೇ ಇದ್ದು, ಬೆರಳನ್ನು ಬೆನ್ನಿನ ಮೇಲೆ ಇಟ್ಟು ನೋಡುವ ಅಭ್ಯಾಸವೊಂದು ಕ್ಷೀಣವಾಗಿದೆಯೆಂಬುದು ನನ್ನ ಕೊರಗು.

ಪರೀಕ್ಷೆಗಳ ಗುಣದೋಷಗಳನ್ನು ತಿಳಿಯಬೇಕಾದರೆ ರೋಗವು ಹರಿಯುವ ದಾರಿಯನ್ನು ಮೊದಲು ತಿಳಿಯಬೇಕು. ಶ್ವಾಸಕೋಶದಲ್ಲಿಯೋ ಗ್ರಂಥಿಗಳಲ್ಲಿಯೋ ಮೊದಲು ನೆಲೆಸಿದ ಕ್ರಿಮಿಯು ರಕ್ತದೊಡನೆ ಹೊರಟು ಬೆನ್ನೆಲುಬನ್ನು ಸೇರುತ್ತದೆ. ಅಲ್ಲಿ ಒಂದೊಂದು ಧಮನಿಯೂ ಕವಲೊಡೆದು, ಮೇಲಿನ ಮಣಿಯ ಕೆಳ ಅಂಚಿಗೂ ಕೆಳಗಿನ ಮಣಿಯ ಮೇಲಂಚಿಗೂ ಏಕಕಾಲದಲ್ಲಿ ರಕ್ತವನ್ನು ಒದಗಿಸುವುದರಿಂದ, ರೋಗವು ಎರಡು ಮಣಿಗಳ ನಡುವಿನ ಬಿಲ್ಲೆಯ, ಎಂದರೆ ಡಿಸ್ಕಿನ, ಎರಡು ಬದಿಯ ಅಂಚುಗಳಲ್ಲಿ ಜೊತೆಯಾಗಿ ತಲೆಯೆತ್ತುವುದು ಸಾಮಾನ್ಯ. ನಡುವಿನ ಬಿಲ್ಲೆಗೆ ವಯಸ್ಕರಲ್ಲಿ ರಕ್ತನಾಳವಿಲ್ಲ. ಕ್ಷಯದ ಕ್ರಿಮಿಗೋ, ಕೀವು ಹುಟ್ಟಿಸುವ ಇತರ ಕ್ರಿಮಿಗಳಿಗಿರುವಂತೆ, ಅದನ್ನು ಕರಗಿಸಿಬಿಡುವ ಕಿಣ್ವಗಳಿಲ್ಲ. ಆದಕಾರಣ ಬಿಲ್ಲೆಯು ಬಹುಕಾಲ ಉಳಿದುಕೊಂಡು, ಎರಡು ಬದಿಯ ಎಲುಬುಗಳು ಸವೆದುಹೋದ ಮೇಲೆ ನಿಧಾನವಾಗಿ ಕುಸಿಯುತ್ತದೆ. ಕರಗಿದ ಎಲುಬೂ ಕೀವೂ ಸೇರಿದ ದ್ರವವು, ಸುಡುವ ತಾಪವಾಗಲಿ ಕೆಂಪಾಗಲಿ ಇಲ್ಲದುದರಿಂದ ಶೀತವ್ರಣವೆನ್ನಿಸಿಕೊಂಡು, ಮಣಿಗಳ ಮುಂಭಾಗದ ಕಟ್ಟುನಾರಿನ ಅಡಿಯಲ್ಲಿ ಹರಿದು, ಸೊಂಟದ ಸ್ನಾಯುವಿನ ಒರೆಯನ್ನು ಹಿಡಿದು, ಕೆಲವೊಮ್ಮೆ ತೊಡೆಸಂದಿಯಲ್ಲಿ ಬಾವಾಗಿ ಕಾಣಿಸಿಕೊಳ್ಳುತ್ತದೆ. ಕತ್ತಿನ ಮಣಿಗಳಲ್ಲಿ ಹುಟ್ಟಿದ್ದಾದರೆ ಗಂಟಲ ಹಿಂದೆ ತುಂಬಿ ನುಂಗುವುದಕ್ಕೆ ಅಡ್ಡಿ ಮಾಡುತ್ತದೆ. ಹಿಂದಕ್ಕೆ ಹರಿದು ಮಿದುಳುಬಳ್ಳಿಯನ್ನು ಒತ್ತಿದ್ದಾದರೆ ಕಾಲುಗಳು ಸೋಲುತ್ತವೆ. ಇಷ್ಟೆಲ್ಲ ಅನಾಹುತವನ್ನು ಮಾಡುವ ಕ್ರಿಮಿಗಳ ಸಂಖ್ಯೆಯಾದರೋ, ಶ್ವಾಸಕೋಶದ ಗೂಡಿನಲ್ಲಿರುವುದಕ್ಕೆ ಹೋಲಿಸಿದರೆ, ತೀರ ಕಡಿಮೆ. ಈ ಕೊನೆಯ ಮಾತನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಕ್ರಿಮಿಯನ್ನು ಹಿಡಿಯುವುದು ಇಲ್ಲಿ ಏತಕ್ಕೆ ಅಷ್ಟು ಪ್ರಯಾಸವೆಂಬುದಕ್ಕೆ ಇದೇ ಕಾರಣ.

ನಮ್ಮ ತರ್ಕಶಾಸ್ತ್ರಜ್ಞರು ಅನುಮಾನಪ್ರಮಾಣವನ್ನು ವಿವರಿಸುವಾಗ ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವ ದೃಷ್ಟಾಂತವನ್ನು ಕೊಡುವುದು ತಮಗೆ ವಿದಿತವಾಗಿದೆ. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟೆಂಬ ವ್ಯಾಪ್ತಿಯು ಸಿದ್ಧವಾಗಿರುವುದರಿಂದ ಆ ಊಹೆ ಸಾಧು. ಆದರೆ ಸಾಧಿಸಬೇಕಾದ ವಸ್ತು, ಎಂದರೆ ‘ಸಾಧ್ಯ’, ಇಲ್ಲದ ಎಡೆಯಲ್ಲಿಯೂ ಯಾವ ಹೇತುವು (ಗುರುತು) ಕಾಣಿಸಿಕೊಳ್ಳುವುದೋ ಅದನ್ನು ಅವರು ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳ ಸಾಲಿಗೆ ದೂಡಿದರು. ಅಷ್ಟೇ ಅಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿರುವುದಿಲ್ಲ, ಹೊಗೆಗೆ ಹಸಿ ಸೌದೆಯ ಸಂಯೋಗ ಬೇಕು ಎಂಬುದನ್ನೂ ಅವರು ಮರೆಯಲಿಲ್ಲ. ವೈದ್ಯಶಾಸ್ತ್ರದಲ್ಲಿ ಇಂದು ಪರೀಕ್ಷೆಗಳ ಸೂಕ್ಷ್ಮತೆ, ನಿರ್ದಿಷ್ಟತೆ ಎಂಬ ಹೆಸರುಗಳಿಂದ ನಾವು ಅಂಕಿಗಳಲ್ಲಿ ಲೆಕ್ಕಹಾಕುವುದು ಈ ಎರಡು ವಿಚಾರಗಳನ್ನೇ. ನಾನು ಮುಂದೆ ಹೇಳಲಿರುವ ಒಂದೊಂದು ಪರೀಕ್ಷೆಯನ್ನೂ ಈ ಎರಡು ಪ್ರಶ್ನೆಗಳ ಎದುರಿಗೆ ನಿಲ್ಲಿಸಿ ನೋಡೋಣ: ಕ್ಷಯವಿಲ್ಲದೆಯೂ ಇದು ಕಾಣಿಸೀತೆ? ಕ್ಷಯವಿದ್ದೂ ಇದು ಕಾಣಿಸದೆ ಹೋದೀತೆ?

ಮೊದಲು ನೆರಳಿನ ವಿಚಾರ. ಸಾಧಾರಣ ಎಕ್ಸ್‌ರೇ ಚಿತ್ರವು ಸುಲಭವೂ ಅಗ್ಗವೂ ತಾಲ್ಲೂಕಿನ ಆಸ್ಪತ್ರೆಗಳಲ್ಲಿಯೂ ದೊರೆಯತಕ್ಕದ್ದೂ ಆಗಿದೆ. ಬಿಲ್ಲೆಯ ಎಡೆ ಕಿರಿದಾಗುವುದು, ಎದುರುಬದುರಿನ ಮಣಿಗಳ ಅಂಚುಗಳು ಮಸುಕಾಗುವುದು, ಮಣಿಯು ಮುಂಭಾಗದಲ್ಲಿ ಕುಸಿದು ಬೆನ್ನು ಬಾಗುವುದು, ಎದೆಯ ಮಣಿಗಳ ಎರಡು ಪಕ್ಕಗಳಲ್ಲಿ ಕೀವಿನ ಚೀಲವು ಹಕ್ಕಿಗೂಡಿನ ಆಕಾರದ ನೆರಳಾಗಿ ಬೀಳುವುದು, ಇವೆಲ್ಲ ಅದರಲ್ಲಿ ಕಾಣುತ್ತವೆ. ಆದರೆ ಮಣಿಯ ಸುಣ್ಣಾಂಶದಲ್ಲಿ ನೂರಕ್ಕೆ 30-40 ಪಾಲು ಕರಗಿಹೋಗುವವರೆಗೆ ಎಕ್ಸ್‌ರೇಯ ಕಣ್ಣಿಗೆ ಏನೂ ಬೀಳುವುದಿಲ್ಲ. ರೋಗವು ಒಳಹೊಕ್ಕು ವಾರಗಳಲ್ಲ, ತಿಂಗಳುಗಳು ಕಳೆದಿರುತ್ತವೆ. ಆದುದರಿಂದ ‘ಎಕ್ಸ್‌ರೇ ತೆಗೆಸಿದೆವು, ಏನೂ ಇಲ್ಲವಂತೆ’ ಎಂದು ಸಮಾಧಾನಪಟ್ಟುಕೊಂಡು ಮನೆಗೆ ಹೋದವರ ಸಮಾಧಾನಕ್ಕೆ ಶಾಸ್ತ್ರದ ಆಧಾರವಿಲ್ಲ. ಹಾಗೆಂದು ಆ ಹಳೆಯ ಸಾಧನವನ್ನು ಮೂಲೆಗೆ ತಳ್ಳುವಂತೆಯೂ ಇಲ್ಲ. ಮದರಾಸಿನಲ್ಲಿ ಚಿಕಿತ್ಸೆ ಪಡೆದ ಮಕ್ಕಳನ್ನು ಹದಿನೈದು ವರ್ಷಗಳವರೆಗೆ ಗಮನಿಸಿದ ಆಧಾರದ ಮೇಲೆ ಕೊಯಮತ್ತೂರಿನ ಎಸ್. ರಾಜಶೇಖರನ್ ಅವರು 2001ರಲ್ಲಿ, ರೋಗವು ವಾಸಿಯಾದ ಮೇಲೆಯೂ ಯಾವ ಮಗುವಿನ ಗೂನು ಬೆಳೆಯುತ್ತ ಹೋದೀತೆಂಬುದನ್ನು ಮುಂಚಿತವಾಗಿ ಸೂಚಿಸುವ ನಾಲ್ಕು ಚಿಹ್ನೆಗಳನ್ನು ಗೊತ್ತುಪಡಿಸಿದ್ದು ಇದೇ ಸಾಧಾರಣ ಎಕ್ಸ್‌ರೇ ಚಿತ್ರಗಳಿಂದ.

ಹೌನ್ಸ್‌ಫೀಲ್ಡ್ ನಿರ್ಮಿಸಿದ ಸಿ.ಟಿ. ಯಂತ್ರವು 1971ರಿಂದ ಈಚೆಗೆ ಎಲುಬನ್ನು ಪದರಪದರವಾಗಿ ಸೀಳಿ ತೋರಿಸುವ ಸಾಮರ್ಥ್ಯವನ್ನು ತಂದಿತು. ಎಲುಬು ಚೂರುಚೂರಾಗಿರುವುದೂ, ಕೀವಿನೊಳಗೆ ಸುಣ್ಣದ ಕಣಗಳು ಕಟ್ಟಿರುವುದೂ ಅದರಲ್ಲಿ ಚೆನ್ನಾಗಿ ಕಾಣುತ್ತವೆ; ಸುಣ್ಣ ಕಟ್ಟಿದ ಕೀವು ಕ್ಷಯಕ್ಕೆ ಬಹುಮಟ್ಟಿಗೆ ಮೀಸಲಾದ ಗುರುತು. ಸೂಜಿಯನ್ನು ಸರಿಯಾದ ತಾಣಕ್ಕೆ ನಡಸುವುದಕ್ಕೂ ಅದು ನೆರವಾಗುತ್ತದೆ. ಆ ವಿಚಾರಕ್ಕೆ ಆಮೇಲೆ ಬರುತ್ತೇನೆ.

ನೆರಳುಗಳಲ್ಲೆಲ್ಲ ಶ್ರೇಷ್ಠವಾದದ್ದು ಎಂ.ಆರ್.ಐ. ಚಿತ್ರ. ಕಿರಣಗಳ ಗೊಡವೆಯಿಲ್ಲದೆ, ಬಲವಾದ ಅಯಸ್ಕಾಂತ ಕ್ಷೇತ್ರದಲ್ಲಿ ದೇಹದ ನೀರಿನ ಮತ್ತು ಕೊಬ್ಬಿನ ಹೈಡ್ರೋಜನ್ ಕಣಗಳು ಕೊಡುವ ಮಾರ್ನುಡಿಯನ್ನು ಚಿತ್ರವಾಗಿಸುವ ಈ ವಿದ್ಯೆಯನ್ನು ಸಾಧ್ಯವಾಗಿಸಿದ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಎಲುಬು ಕರಗುವುದಕ್ಕೆ ಬಹಳ ಮುಂಚೆಯೇ, ಅದರೊಳಗಿನ ಮಜ್ಜೆಯಲ್ಲಿ ನೀರು ತುಂಬತೊಡಗಿದಾಗಲೇ ರೋಗವನ್ನು ಹಿಡಿಯಬಲ್ಲದೆಂಬುದು ಎಂ.ಆರ್.ಐ.ಯ ಹೆಗ್ಗಳಿಕೆ. ಒಂದು ಬಗೆಯ ಚಿತ್ರಣದಲ್ಲಿ ರೋಗಗ್ರಸ್ತವಾದ ಮಜ್ಜೆಯು ಕಪ್ಪಾಗಿಯೂ ಮತ್ತೊಂದು ಬಗೆಯಲ್ಲಿ ಬೆಳ್ಳಗೂ ತೋರುತ್ತದೆ. ಗ್ಯಾಡೋಲಿನಿಯಮ್ ಎಂಬ ಔಷಧವನ್ನು ರಕ್ತನಾಳದೊಳಕ್ಕೆ ಚುಚ್ಚಿ ಚಿತ್ರ ತೆಗೆದಾಗ ಕೀವಿನ ಚೀಲದ ಗೋಡೆಯು ಉಜ್ಜ್ವಲವಾಗಿ ಎದ್ದುಕಾಣುತ್ತದೆ. ಆ ಗೋಡೆಯು ತೆಳುವಾಗಿ ನುಣುಪಾಗಿದೆಯೆ, ಕೀವು ಕಟ್ಟುನಾರಿನ ಅಡಿಯಲ್ಲಿ ಹಲವು ಮಣಿಗಳ ಉದ್ದಕ್ಕೂ ಹರಿದಿದೆಯೆ, ಬಿಲ್ಲೆಯು ಮಣಿಗಳಷ್ಟು ಕೆಡದೆ ಉಳಿದಿದೆಯೆ, ಪೀಡಿತವಾದದ್ದು ಎದೆಯ ಮತ್ತು ಸೊಂಟದ ಮಣಿಗಳು ಕೂಡುವೆಡೆಯೆ: ಇವೆಲ್ಲಕ್ಕೂ ಹೌದೆಂಬ ಉತ್ತರ ಬಂದರೆ ಕ್ಷಯದ ಶಂಕೆ ಬಲವಾಗುತ್ತದೆ. ಗೋಡೆಯು ದಪ್ಪನಾಗಿ ಒರಟಾಗಿದ್ದು, ಬಿಲ್ಲೆಯು ಮೊದಲಿಗೇ ನಾಶವಾಗಿದ್ದರೆ ಸ್ಟೆಫಿಲೊಕಾಕಸ್‌ನಂಥ ಕೀವಿನ ಕ್ರಿಮಿಗಳ ಕಡೆಗೆ ಬೆರಳು ಹೋಗುತ್ತದೆ. ಬಿಲ್ಲೆಗಳೆಲ್ಲ ಸುಸ್ಥಿತಿಯಲ್ಲಿದ್ದು ಮಣಿಗಳು ಮಾತ್ರ ಅಲ್ಲಲ್ಲಿ, ಹಿಂಭಾಗದ ಕೊಂಬುಗಳ ಸಮೇತ, ಕೆಟ್ಟಿದ್ದರೆ ಬೇರೆ ಅಂಗದಿಂದ ಹರಡಿದ ಅರ್ಬುದವನ್ನು ಕುರಿತು ಯೋಚಿಸಬೇಕಾಗುತ್ತದೆ.

ಇಲ್ಲಿ ಎರಡು ಮಾತುಗಳನ್ನು ಬಿಡಿಸಿ ಹೇಳಬೇಕಾಗಿದೆ. ನೋವಿರುವ ಎಡೆಯನ್ನು ಮಾತ್ರ ಚಿತ್ರಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ನಡುವೆ ಆರೋಗ್ಯವಾದ ಮಣಿಗಳನ್ನು ಬಿಟ್ಟು ಮತ್ತೊಂದೆಡೆ ರೋಗವು ಸದ್ದಿಲ್ಲದೆ ಕುಳಿತಿರುವುದುಂಟಾದ್ದರಿಂದ, ಕತ್ತಿನಿಂದ ತ್ರಿಕಾಸ್ಥಿಯವರೆಗೆ ಇಡೀ ಬೆನ್ನನ್ನು ಒಮ್ಮೆ ನೋಡಿಬಿಡತಕ್ಕದ್ದು. ಎರಡನೆಯದು ಇದಕ್ಕಿಂತ ಗಹನವಾದದ್ದು. ಎಂ.ಆರ್.ಐ. ತೋರಿಸುವುದು ಮಜ್ಜೆಯಲ್ಲಿ ನೀರಿದೆಯೆಂಬುದನ್ನು, ಚೀಲದಲ್ಲಿ ದ್ರವವಿದೆಯೆಂಬುದನ್ನು, ಅದನ್ನು ತುಂಬಿಸಿದವರಾರೆಂಬುದನ್ನಲ್ಲ. ವಯೋಧರ್ಮದಿಂದ ಸವೆದ ಬಿಲ್ಲೆಯ ಪಕ್ಕದ ಮಣಿಗಳೂ ಒಮ್ಮೊಮ್ಮೆ ಇದೇ ವೇಷವನ್ನು ತೊಡುತ್ತವೆ. ಚಿತ್ರದ ವರದಿಯ ಕೊನೆಯಲ್ಲಿ ‘ಕ್ಷಯಕ್ಕೆ ಹೊಂದಿಕೆಯಾಗುತ್ತದೆ’ ಎಂದು ಬರೆದಿರುವುದನ್ನು ಓದಿ, ಅದನ್ನೇ ತೀರ್ಪೆಂದು ಬಗೆದು, ಅಂದೇ ಸಂಜೆ ವರ್ಷಾವಧಿಯ ಔಷಧವನ್ನು ಆರಂಭಿಸುವ ಪದ್ಧತಿಯು ನಮ್ಮಲ್ಲಿ ಬೇರೂರಿದೆ. ಹೊಂದಿಕೆಯಾಗುತ್ತದೆ ಎಂಬುದು ವಿಕಿರಣತಜ್ಞರ ಪ್ರಾಮಾಣಿಕವಾದ, ಜಾಗರೂಕವಾದ ಮಾತು. ಅದನ್ನು ನಿರ್ಣಯವೆಂದು ಓದಿದ ದೋಷವು ಓದಿದವರದು.

ಇನ್ನು ನೆತ್ತರಿನ ವಿಚಾರ. ಪುರಾತನವೂ ಸರ್ವಜನಪರಿಚಿತವೂ ಆದ ಪರೀಕ್ಷೆಯೆಂದರೆ ಇ.ಎಸ್.ಆರ್., ಎಂದರೆ ಉದ್ದನೆಯ ಕೊಳವೆಯಲ್ಲಿ ನಿಲ್ಲಿಸಿದ ರಕ್ತದ ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರು ತಳಕ್ಕೆ ಇಳಿಯುತ್ತವೆಂಬ ಅಳತೆ. ದೇಹದಲ್ಲಿ ಎಲ್ಲಿಯಾದರೂ ಉರಿಯೂತವೆದ್ದಾಗ ರಕ್ತದಲ್ಲಿ ಫೈಬ್ರಿನೋಜನ್ ಮೊದಲಾದ ಸಸಾರಜನಕಗಳು ಹೆಚ್ಚಿ, ಕೆಂಪುಕಣಗಳು ಒಂದರ ಮೇಲೊಂದು ಅಂಟಿಕೊಂಡು ಭಾರವಾಗಿ ಬೇಗ ಬೇಗ ಇಳಿಯುತ್ತವೆ. ಪೋಲೆಂಡಿನ ಬಿಯೆರ್ನಾಟ್ಸ್ಕಿ 1897ರಲ್ಲಿಯೇ ಇದನ್ನು ಗುರುತಿಸಿದ್ದನು; ಸ್ವೀಡನ್ನಿನ ಫಾರಿಯಸ್ 1918ರಲ್ಲಿ ಗರ್ಭಧಾರಣೆಯನ್ನು ಪತ್ತೆಹಚ್ಚಬಹುದೆಂಬ ಆಸೆಯಿಂದ ಇದನ್ನು ಮತ್ತೆ ಕೈಗೆತ್ತಿಕೊಂಡನು; ಅವನ ದೇಶದವನೇ ಆದ ವೆಸ್ಟರ್‌ಗ್ರೆನ್ 1921ರಲ್ಲಿ ಇಂದಿಗೂ ನಾವು ಬಳಸುವ ಕ್ರಮವನ್ನು ಪ್ರಕಟಿಸಿದ್ದು, ವಿನೋದವೆಂದರೆ, ಶ್ವಾಸಕೋಶದ ಕ್ಷಯರೋಗಿಗಳ ರಕ್ತವನ್ನು ಪರೀಕ್ಷಿಸುತ್ತಿದ್ದಾಗ. ಹೀಗೆ ಗರ್ಭಿಣಿಯರಲ್ಲಿಯೂ ಕ್ಷಯರೋಗಿಗಳಲ್ಲಿಯೂ ಸಮಾನವಾಗಿ ಏರುವುದೆಂಬ ಲಕ್ಷಣವು ಅದರ ಜಾತಕದಲ್ಲಿಯೇ ಬರೆದಿತ್ತು. ರಕ್ತಹೀನತೆಯಲ್ಲಿ ಏರುತ್ತದೆ, ವಾರ್ಧಕದಲ್ಲಿ ಏರುತ್ತದೆ, ಸಂಧಿವಾತದಲ್ಲಿ, ಮೂತ್ರಪಿಂಡದ ವ್ಯಾಧಿಯಲ್ಲಿ, ಅರ್ಬುದದಲ್ಲಿ ಏರುತ್ತದೆ. ರಕ್ತಹೀನತೆಯು ಹೆಂಗಸರಲ್ಲಿ ಮನೆಮಾತಾಗಿರುವ ನಮ್ಮ ನಾಡಿನಲ್ಲಿ ಇ.ಎಸ್.ಆರ್. 40 ಇದೆಯೆಂಬುದರಿಂದ ಯಾವ ನಿರ್ಣಯಕ್ಕೆ ಬರುವುದು? ತಾರ್ಕಿಕರ ಸವ್ಯಭಿಚಾರ ಹೇತುವಿಗೆ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಕ್ಕಲಾರದು. ಮತ್ತೊಂದು ಕಡೆ, ಎಲುಬಿನಲ್ಲಿ ಕ್ಷಯವು ಮನೆಮಾಡಿಯೂ ಇ.ಎಸ್.ಆರ್. ಸಹಜವಾಗಿರುವ ರೋಗಿಗಳುಂಟು. ಅವರೇ ನಮ್ಮ ಕಾದ ಕಬ್ಬಿಣದ ಗುಂಡುಗಳು: ಒಳಗೆ ಬೆಂಕಿಯುಂಟು, ಹೊಗೆಯಿಲ್ಲ.

ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬುದು ಇದಕ್ಕಿಂತ ಚುರುಕಾದ ಸೂಚಕ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಅವರು 1930ರಲ್ಲಿ ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಕಂಡ ಈ ಪದಾರ್ಥವನ್ನು ಯಕೃತ್ತು ಉರಿಯೂತದ ಕರೆಗೆ ಓಗೊಟ್ಟು ತಯಾರಿಸುತ್ತದೆ; ಸುಮಾರು 19 ಗಂಟೆಗಳಿಗೊಮ್ಮೆ ಅರ್ಧಕ್ಕರ್ಧ ಕರಗಿಹೋಗುವುದರಿಂದ, ಕಾರಣವು ತೊಲಗಿದೊಡನೆ ಕೆಲವೇ ದಿನಗಳಲ್ಲಿ ಇದೂ ಇಳಿಯುತ್ತದೆ. ಕೀವಿನ ಕ್ರಿಮಿಗಳ ಸೋಂಕಿನಲ್ಲಿ ಇದು ಬಹಳ ಎತ್ತರಕ್ಕೆ ನೆಗೆಯುವುದೂ ಕ್ಷಯದಲ್ಲಿ ಮಧ್ಯಮವಾಗಿ ಏರುವುದೂ ವಾಡಿಕೆಯಾದ್ದರಿಂದ, ಬಿಳಿಕಣಗಳ ಎಣಿಕೆಯೊಡನೆ ಸೇರಿಸಿ ಓದಿದಾಗ ಎರಡು ರೋಗಗಳನ್ನು ಬೇರ್ಪಡಿಸುವುದಕ್ಕೆ ಕೊಂಚ ಸಹಾಯವಾಗುತ್ತದೆ. ಬಿಳಿಕಣಗಳ ಬೇರೆ ಬೇರೆ ಜಾತಿಗಳ ಅನುಪಾತ, ಆಲ್ಬ್ಯುಮಿನ್ನಿನ ಇಳಿತ, ರಕ್ತಕಣಗಳ ಜೀನುಗಳ ವರ್ತನೆ ಮುಂತಾದವುಗಳ ಮೇಲೆ ಪ್ರಬಂಧಗಳು ಬರುತ್ತಲೇ ಇವೆ. ರೋಗಿಯ ಹಾಸಿಗೆಯ ಬಳಿಯಲ್ಲಿ ಅವುಗಳ ಮೇಲೆ ಭಾರ ಹಾಕುವ ಕಾಲ ಬಂದಿಲ್ಲ.

ಚರ್ಮದಲ್ಲಿ ಟ್ಯುಬರ್ಕ್ಯುಲಿನ್ ಚುಚ್ಚಿ ಎರಡು ಮೂರು ದಿನಗಳ ಮೇಲೆ ಗಡ್ಡೆಯನ್ನು ಅಳೆಯುವ, 1908ರಿಂದ ಮಾಂಟೂ ಹೆಸರಿನಲ್ಲಿ ನಡೆದುಬಂದಿರುವ ಪರೀಕ್ಷೆಯೂ, ಅದರ ಆಧುನಿಕ ರೂಪವೆನ್ನಬಹುದಾದ ಇಂಟರ್‌ಫೆರಾನ್-ಗಾಮಾ ರಕ್ತಪರೀಕ್ಷೆಯೂ ಉತ್ತರಿಸುವ ಪ್ರಶ್ನೆಯೇ ಬೇರೆ. ಈ ದೇಹಕ್ಕೆ ಕ್ಷಯದ ಕ್ರಿಮಿಯ ಪರಿಚಯವಾಗಿದೆಯೆ ಎಂಬುದನ್ನು ಅವು ಹೇಳುತ್ತವೆ. ನಮ್ಮ ದೇಶದ ವಯಸ್ಕರಲ್ಲಿ ಹೆಚ್ಚು ಕಡಿಮೆ ಮೂರರಲ್ಲೊಬ್ಬರಿಗೆ ಆ ಪರಿಚಯವು ರೋಗವಿಲ್ಲದೆಯೇ ಆಗಿಹೋಗಿರುತ್ತದೆ. ಮಲಗಿರುವ ಕ್ರಿಮಿಗೂ ಎದ್ದಿರುವ ಕ್ರಿಮಿಗೂ ಭೇದವೆಣಿಸಲಾರದ ಪರೀಕ್ಷೆಯನ್ನು, ಬೆನ್ನುನೋವಿರುವ ವಯಸ್ಕನಿಗೆ ದುಬಾರಿ ವೆಚ್ಚದಲ್ಲಿ ಮಾಡಿಸಿ, ಉತ್ತರ ‘ಪಾಸಿಟಿವ್’ ಬಂದಿತೆಂದು ಕ್ಷಯದ ಹಣೆಪಟ್ಟಿ ಕಟ್ಟುವುದು ಅಪಚಾರ.

ಇದಕ್ಕಿಂತಲೂ ದೊಡ್ಡ ಅಪಚಾರದ ಕಥೆಯೊಂದುಂಟು. ಕ್ಷಯದ ಕ್ರಿಮಿಗೆ ಎದುರಾಗಿ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಎಣಿಸಿ ರೋಗವನ್ನು ಸಾರುವುದಾಗಿ ಹೇಳಿಕೊಂಡ ಪರೀಕ್ಷಾ ಪೆಟ್ಟಿಗೆಗಳು ನಮ್ಮ ಖಾಸಗಿ ಪ್ರಯೋಗಾಲಯಗಳಲ್ಲಿ ಒಂದು ಕಾಲಕ್ಕೆ ಧಾರಾಳವಾಗಿ ಮಾರಾಟವಾದವು. ವರ್ಷಕ್ಕೆ ಹದಿನೈದು ಲಕ್ಷ ಇಂಥ ಪರೀಕ್ಷೆಗಳು ಭಾರತದಲ್ಲಿ ನಡೆಯುತ್ತಿದ್ದುವೆಂದು ಅಂದಾಜು ಮಾಡಲಾಗಿತ್ತು. ರೋಗವಿಲ್ಲದವರನ್ನು ರೋಗಿಗಳೆಂದೂ ರೋಗಿಗಳನ್ನು ನಿರೋಗಿಗಳೆಂದೂ ಸಾರಿದ ಅವುಗಳ ವಿರುದ್ಧ ವಿಶ್ವ ಆರೋಗ್ಯ ಸಂಸ್ಥೆಯು 2011ರ ಜುಲೈಯಲ್ಲಿ, ತನ್ನ ವಾಡಿಕೆಗೆ ಹೊರತಾಗಿ, ಇವನ್ನು ಬಳಸಲೇಬಾರದೆಂಬ ನಿಷೇಧಾತ್ಮಕವಾದ ಶಿಫಾರಸನ್ನು ಹೊರಡಿಸಿತು. 2012ರ ಜೂನಿನಲ್ಲಿ ಭಾರತ ಸರ್ಕಾರವು ಅವುಗಳ ಆಮದು, ತಯಾರಿಕೆ, ಮಾರಾಟಗಳನ್ನು ನಿಷೇಧಿಸಿತು. ರಕ್ತದ ಒಂದು ತೊಟ್ಟಿನಿಂದ ಕ್ಷಯವನ್ನು ನಿರ್ಣಯಿಸಿಬಿಡಬಹುದೆಂಬ ಆಸೆಯು ಎಷ್ಟು ಪ್ರಬಲವೆಂಬುದಕ್ಕೂ, ಆ ಆಸೆಗೆ ಜನರು ತೆತ್ತ ಬೆಲೆ ಎಷ್ಟೆಂಬುದಕ್ಕೂ ಇದು ನಿದರ್ಶನ.

ಪ್ರತಿಕಾಯಗಳ ಪರೀಕ್ಷೆಯೇ ನಿಷ್ಪ್ರಯೋಜಕವೆಂದು ಇದರಿಂದ ತಿಳಿಯಬಾರದು. ಬ್ರೂಸೆಲ್ಲೋಸಿಸ್ ಎಂಬ ಜ್ವರವು ಕುರಿ, ಮೇಕೆ, ದನಗಳಿಂದ, ಕಾಯಿಸದ ಹಾಲಿನಿಂದ, ಕಂದು ಹಾಕಿದ ಪಶುಗಳ ಶುಶ್ರೂಷೆಯಿಂದ ಮನುಷ್ಯನಿಗೆ ಹತ್ತುತ್ತದೆ; ಅದು ಸೊಂಟದ ಕೆಳಮಣಿಗಳನ್ನು ಹಿಡಿದಾಗ ಥೇಟು ಕ್ಷಯದಂತೆಯೇ ಸಂಜೆಯ ಜ್ವರ, ಬೆವರು, ಬೆನ್ನುನೋವುಗಳನ್ನು ಕೊಡುತ್ತದೆ. ಇದನ್ನು ಮಾತ್ರ ರಕ್ತದ ಒಟ್ಟುಗೂಡಿಕೆಯ (ಅಗ್ಲೂಟಿನೇಷನ್) ಪರೀಕ್ಷೆಯಿಂದ ಬಹುಮಟ್ಟಿಗೆ ಹಿಡಿಯಬಹುದು. ಕುರಿಹಿಂಡುಗಳೊಡನೆ ಬಾಳುವ ಬಯಲುಸೀಮೆಯ ರೋಗಿಯೊಬ್ಬನಿಗೆ ಎಂ.ಆರ್.ಐ.ಯಲ್ಲಿ ಮಣಿಗಳು ಕೆಟ್ಟಿರುವಂತೆ ಕಂಡು, ಆಕಾರ ಮಾತ್ರ ಕುಸಿಯದೆ ಉಳಿದಿದ್ದರೆ, ಈ ಅಗ್ಗದ ಪರೀಕ್ಷೆಯನ್ನು ಮಾಡಿಸದೆ ಮುಂದುವರಿಯಕೂಡದು. ವಯಸ್ಸಾದವರಲ್ಲಿ ಮಜ್ಜೆಯ ಅರ್ಬುದವನ್ನು ಸೂಚಿಸುವ ರಕ್ತದ ಸಸಾರಜನಕಗಳ ಪರೀಕ್ಷೆಯೂ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಪರೀಕ್ಷೆಯೂ ಹೀಗೆಯೇ. ಒಟ್ಟಿನಲ್ಲಿ ನನ್ನ ಅಭಿಮತವಿಷ್ಟು: ಬೆನ್ನೆಲುಬಿನ ಕ್ಷಯದ ವಿಚಾರಣೆಯಲ್ಲಿ ರಕ್ತವು ಕ್ಷಯದ ಪರವಾಗಿ ಹೇಳುವ ಸಾಕ್ಷ್ಯಕ್ಕಿಂತ, ಕ್ಷಯದ ವೇಷದಲ್ಲಿ ಬಂದ ಇತರರನ್ನು ಬಯಲಿಗೆಳೆಯುವ ಸಾಕ್ಷ್ಯವೇ ಹೆಚ್ಚು ಬೆಲೆಯುಳ್ಳದ್ದು.

ಹಾಗಾದರೆ ನಿರ್ಣಯವೆಲ್ಲಿಂದ? ಕೆಟ್ಟ ಎಡೆಯಿಂದಲೇ ತೆಗೆದ ತುಣುಕಿನಿಂದ. ಸಿ.ಟಿ.ಯ ಕಣ್ಗಾವಲಿನಲ್ಲಿ ಸೂಜಿಯನ್ನು ನಡಸಿ ಎಲುಬಿನ ಚೂರನ್ನೋ ಕೀವನ್ನೋ ಹೊರತೆಗೆದು, ಸೂಕ್ಷ್ಮದರ್ಶಕದಡಿಯಲ್ಲಿ ಕ್ಷಯದ ಗಂಟುಗಳನ್ನೂ ಗಿಣ್ಣದಂಥ ಕೊಳೆತವನ್ನೂ ಹುಡುಕುವುದು ಒಂದು. ಕ್ರಿಮಿಯನ್ನು ಬೆಳೆಸಿ ನೋಡುವುದು ಎರಡನೆಯದು, ಹಳೆಯ ಘನ ಮಾಧ್ಯಮದಲ್ಲಾದರೆ ಇದಕ್ಕೆ ಆರರಿಂದ ಎಂಟು ವಾರ. ಕ್ರಿಮಿಯ ಜೀನನ್ನೇ ನೇರವಾಗಿ ಪತ್ತೆಹಚ್ಚುವುದು ಮೂರನೆಯದು. 2010ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದ ಜೀನ್‌ಎಕ್ಸ್‌ಪರ್ಟ್ ಯಂತ್ರವು ಎರಡು ಗಂಟೆಗಳೊಳಗೆ ಕ್ರಿಮಿಯಿದೆಯೆಂಬುದನ್ನೂ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಅದು ಮಣಿಯುವುದೋ ಇಲ್ಲವೋ ಎಂಬುದನ್ನೂ ಹೇಳುತ್ತದೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡು ಗೋವೆಯಲ್ಲಿ ತಯಾರಾಗುವ ಟ್ರೂನ್ಯಾಟ್ ಎಂಬ ನಮ್ಮದೇ ಯಂತ್ರಕ್ಕೆ 2020ರಲ್ಲಿ ಅದೇ ಮನ್ನಣೆ ದೊರೆಯಿತು; ಬ್ಯಾಟರಿಯಿಂದಲೂ ನಡೆಯುವ ಇದು ಸಣ್ಣ ಊರಿನ ಆಸ್ಪತ್ರೆಗಳವರೆಗೂ ಹೋಗಬಲ್ಲದು. ಕ್ರಿಮಿಗಳು ವಿರಳವಾದ್ದರಿಂದ ಉತ್ತರ ‘ಇಲ್ಲ’ವೆಂದು ಬಂದಮಾತ್ರಕ್ಕೆ ರೋಗವಿಲ್ಲವೆಂದಾಗದು, ಆದರೆ ‘ಇದೆ’ ಎಂದು ಬಂದರೆ ಅದು ಪ್ರತ್ಯಕ್ಷಕ್ಕೆ ಸಮನಾದ ಪ್ರಮಾಣ.

ಔಷಧನಿರೋಧದ ಮಾತು ಬಂದುದರಿಂದ ತುಣುಕು ಏಕೆ ಬೇಕೆಂಬುದು ಸ್ಪಷ್ಟವಾಗುತ್ತದೆ. ನಮ್ಮ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಹಿಂದೆ ಚಿಕಿತ್ಸೆ ಪಡೆಯದ ಹೊಸ ರೋಗಿಗಳಲ್ಲಿಯೇ ನೂರಕ್ಕೆ ಸುಮಾರು ಮೂವರ ಕ್ರಿಮಿಗಳು ಎರಡು ಪ್ರಧಾನ ಔಷಧಗಳಿಗೂ ಜಗ್ಗುವುದಿಲ್ಲ. ಹಿಂದೆ ಚಿಕಿತ್ಸೆ ಪಡೆದವರಲ್ಲಿ ಈ ಸಂಖ್ಯೆ ಹನ್ನೊಂದನ್ನು ದಾಟುತ್ತದೆ. ಯಾವ ಎಂ.ಆರ್.ಐ. ಚಿತ್ರವೂ, ಯಾವ ಇ.ಎಸ್.ಆರ್. ಅಂಕಿಯೂ ಈ ಸಂಗತಿಯನ್ನು ತಿಳಿಸಲಾರದು.

ಇಲ್ಲಿ ಒಂದು ಅತ್ಯಂತ ಕ್ಷುಲ್ಲಕವೆಂದು ತೋರುವ, ಆದರೆ ಎಷ್ಟೋ ರೋಗಿಗಳ ದೈವವನ್ನು ತಿರುಗಿಸಿದ ವಿಷಯವನ್ನು ಹೇಳಲೇಬೇಕು. ಸೂಜಿಯಿಂದಲೋ ಶಸ್ತ್ರದಿಂದಲೋ ತೆಗೆದ ತುಣುಕನ್ನೆಲ್ಲ ಅಭ್ಯಾಸಬಲದಿಂದ ಫಾರ್ಮಾಲಿನ್ ತುಂಬಿದ ಶೀಶೆಗೆ ಹಾಕಿಬಿಡುವುದುಂಟು. ಫಾರ್ಮಾಲಿನ್ ಊತಕವನ್ನು ಕೆಡದಂತೆ ಕಾಯುವುದೇನೋ ನಿಜ, ಅದರೊಡನೆ ಕ್ರಿಮಿಯನ್ನೂ ಕೊಲ್ಲುತ್ತದೆ. ಸತ್ತ ಕ್ರಿಮಿಯನ್ನು ಬೆಳೆಸುವುದೆಂತು? ರೋಗಿಯು ಅಷ್ಟು ನೋವನ್ನುಂಡು, ಮನೆಯವರು ಅಷ್ಟು ಹಣವನ್ನು ತೆತ್ತು, ವೈದ್ಯನು ಅಷ್ಟು ಕೌಶಲವನ್ನು ವ್ಯಯಿಸಿ ಪಡೆದ ತುಣುಕು ಒಂದು ಶೀಶೆಯ ಆಯ್ಕೆಯಿಂದ ಅರ್ಧ ವ್ಯರ್ಥವಾಗುತ್ತದೆ. ಒಂದು ಭಾಗವು ಫಾರ್ಮಾಲಿನ್ನಿಗೆ, ಮತ್ತೊಂದು ಭಾಗವು ಬರಿಯ ಉಪ್ಪುನೀರಿಗೆ: ಈ ಪುಟ್ಟ ನಿಯಮವನ್ನು ಶಸ್ತ್ರಾಗಾರದ ಗೋಡೆಯ ಮೇಲೆ ಬರೆದಿಡಬೇಕೆಂದು ನಾನು ಹೋದಲ್ಲೆಲ್ಲ ಹೇಳುತ್ತ ಬಂದಿದ್ದೇನೆ. ತುಣುಕು ತೆಗೆಯುವುದಕ್ಕೆ ಮೊದಲು, ಜ್ವರಕ್ಕೆಂದು ಲೀವೋಫ್ಲಾಕ್ಸಸಿನ್ ಜಾತಿಯ ಮಾ‌ತ್ರೆಗಳನ್ನು ಕೊಡುವುದೂ ಹೀಗೆಯೇ ಅನರ್ಥಕಾರಿ. ಅವು ಕ್ಷಯವನ್ನು ಗುಣಪಡಿಸುವಷ್ಟು ಬಲವಾಗಿರದೆ, ಪರೀಕ್ಷೆಯಿಂದ ಅಡಗಿಸುವಷ್ಟು ಮಾತ್ರ ಕೆಲಸ ಮಾಡುತ್ತವೆ.

ಸೂಜಿಯು ತಲುಪಲಾಗದ ಕತ್ತಿನ ಮೇಲ್ಗಡೆಯ ರೋಗದಲ್ಲಿ, ಅಥವಾ ಕಾಲುಗಳು ಸೋಲುತ್ತಿರುವ ತುರ್ತಿನಲ್ಲಿ, ಚಿತ್ರವನ್ನೂ ಲಕ್ಷಣಗಳನ್ನೂ ನಂಬಿ ಔಷಧ ಆರಂಭಿಸುವುದು ಅನಿವಾರ್ಯವಾಗಬಹುದು. ಅದಕ್ಕೆ ನನ್ನ ಆಕ್ಷೇಪವಿಲ್ಲ. ಅಪವಾದವು ನಿಯಮವಾಗಬಾರದೆಂಬುದಷ್ಟೇ ನನ್ನ ವಾದ.

ಔಷಧ ಆರಂಭವಾದ ಮೇಲೆ ಇ.ಎಸ್.ಆರ್. ಮತ್ತು ಸಿ-ರಿಯಾಕ್ಟಿವ್ ಪ್ರೋಟೀನುಗಳ ಮಾನ ಹೆಚ್ಚುತ್ತದೆ. ಒಂದು ದಿನದ ಅಂಕಿಯು ಏನನ್ನೂ ಸಾಧಿಸಲಾರದಾದರೂ, ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬಂದ ಅಂಕಿಗಳ ಸಾಲು, ರೋಗಿಯ ಹಸಿವೂ ತೂಕವೂ ಏರುತ್ತಿರುವುದರೊಡನೆ ಕೂಡಿ, ಔಷಧವು ನಾಟುತ್ತಿದೆಯೆಂಬುದಕ್ಕೆ ಒಳ್ಳೆಯ ಸಾಕ್ಷಿ. ಇದಕ್ಕೆ ವಿಪರೀತವಾಗಿ, ಎಂ.ಆರ್.ಐ.ಯು ಈ ಹಂತದಲ್ಲಿ ಭಯಪಡಿಸುವುದುಂಟು: ಗುಣವಾಗುತ್ತಿರುವ ರೋಗಿಯ ಮೊದಲ ಕೆಲವು ತಿಂಗಳುಗಳ ಚಿತ್ರದಲ್ಲಿ ಕೀವು ಹೆಚ್ಚಿದಂತೆಯೂ ಕಾಣಬಹುದು. ಮಜ್ಜೆಯಲ್ಲಿ ನೀರಿನ ಬದಲು ಕೊಬ್ಬು ತುಂಬಿ ಮೊದಲ ಬಗೆಯ ಚಿತ್ರಣದಲ್ಲಿ ಬೆಳ್ಳಗೆ ತೋರತೊಡಗಿದಾಗ ವಾಸಿಯಾಯಿತೆಂದು ತಿಳಿಯತಕ್ಕದ್ದು.

ಇಷ್ಟು ಸಾಧನಗಳಿದ್ದೂ ರೋಗಿಗಳು ಕಾಲು ಸೋತ ಮೇಲೆಯೇ ಏಕೆ ಬರುತ್ತಾರೆ? ಅಜ್ಞಾನದಿಂದ ಎಂದು ಹೇಳಿ ಮುಗಿಸುವುದು ನಮ್ಮಂಥವರಿಗೆ ಅನುಕೂಲ. ನೆಹರೂ ಅವರು 1960ರಲ್ಲಿ ಉದ್ಘಾಟಿಸಿದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಅನುಕೂಲವನ್ನು ನಮ್ಮಿಂದ ಕಸಿದುಕೊಂಡಿತು. ಶ್ವಾಸಕೋಶದ ಕ್ಷಯವಿದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಚಿಕಿತ್ಸೆಯನ್ನರಸಿ ಆಸ್ಪತ್ರೆಗಳಿಗೆ ಹೋಗಿಯೂ ಇದ್ದರು. ಕ್ಷಯವೆಂದು ಗುರುತಿಸಲ್ಪಡದೆ ಕೆಮ್ಮಿನ ಔಷಧದ ಶೀಶೆಯೊಡನೆ ಹಿಂದಿರುಗಿದ್ದರು. ಬೆನ್ನುನೋವಿನ ವಿಷಯದಲ್ಲಿಯೂ ನಾನು ಕಾಣುತ್ತಿರುವುದು ಅದೇ. ಉಳುಕೆಂದು ಎಣ್ಣೆ ತೀಡಿಸಿ, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡು ಬಂದವರುಂಟು, ನಿಜ. ಸವೆದ ಮಣಿಗೆ ಆ ಒದೆತವು ಎಂಥ ಅಪಾಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ‘ನರ ಹಿಡಿದಿದೆ’, ‘ಡಿಸ್ಕು ಜಾರಿದೆ’ ಎಂದು ನೋವಿನ ಮಾತ್ರೆಯನ್ನು ಬರೆದುಕೊಟ್ಟು ತಿಂಗಳುಗಟ್ಟಲೆ ಕಾಯಿಸಿದವರು ಪದವಿ ಪಡೆದವರೇ ಆಗಿರುವುದೂ ಅಷ್ಟೇ ನಿಜ.

ಆದಕಾರಣ ಸಭಿಕರಲ್ಲಿ ನನ್ನ ವಿಜ್ಞಾಪನೆಯಿದು. ಮನೆಯಲ್ಲಿ ಯಾರಿಗಾದರೂ ಬೆನ್ನುನೋವು ಆರು ವಾರಗಳನ್ನು ಮೀರಿ ಉಳಿದು, ವಿಶ್ರಾಂತಿಯಲ್ಲಿಯೂ ರಾತ್ರಿಯ ಹೊತ್ತೂ ಬಿಡದೆ ಕಾಡಿ, ಅದರೊಡನೆ ಸಂಜೆಯ ಸಣ್ಣ ಜ್ವರವೋ ತೂಕದ ಇಳಿತವೋ ಹಸಿವಿನ ಕುಂದೋ ಸೇರಿದ್ದರೆ, ‘ಇದು ಕ್ಷಯವಾಗಿರಬಹುದೇ?’ ಎಂದು ವೈದ್ಯರನ್ನು ನೇರವಾಗಿ ಕೇಳಿರಿ. ಹಾಗೆ ಕೇಳುವುದರಿಂದ ಒಳ್ಳೆಯ ವೈದ್ಯನಿಗೆ ಕೋಪ ಬರುವುದಿಲ್ಲ. ನಡೆಯುವಾಗ ಕಾಲು ತೊಡರುತ್ತಿದ್ದರೆ ಒಂದು ದಿನವೂ ತಡೆಯದಿರಿ. ಎಂ.ಆರ್.ಐ. ವರದಿ ಕೈಗೆ ಬಂದಾಗ, ಔಷಧಕ್ಕೆ ಮೊದಲು ತುಣುಕನ್ನು ತೆಗೆದು ಪರೀಕ್ಷಿಸುವಿರಾ, ಅದರಲ್ಲೊಂದು ಭಾಗ ಉಪ್ಪುನೀರಿನಲ್ಲಿ ಹೋಗುವುದೇ ಎಂದೂ ಕೇಳಿರಿ. ಬೆನ್ನೆಲುಬಿನ ಕ್ಷಯಕ್ಕೆ ನಮ್ಮ ದೇಶದ ಮಾರ್ಗಸೂಚಿಯು ವಿಧಿಸಿರುವ ಚಿಕಿತ್ಸೆಯ ಅವಧಿ ಕನಿಷ್ಠ ಹನ್ನೆರಡು ತಿಂಗಳು. ಕ್ರಿಮಿಯ ಜೀನ್ ಪರೀಕ್ಷೆಯೂ ಆ ಹನ್ನೆರಡು ತಿಂಗಳ ಔಷಧವೂ ರಾಷ್ಟ್ರೀಯ ಕಾರ್ಯಕ್ರಮದಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ.